ಮಸಿಯಕ್ಕ ಎಳೆದ ಗೆರೆ

ಮಕ್ಕಳೇ, ಬಿದಿರು ಕಾಡಿನ ನಡುವೆ ಒಂದು ಕೆರೆಯಿತ್ತು. ಆ ಕೆರೆಯ ದಡದಲ್ಲಿ ಮಸಿಯಕ್ಕ ಎಂಬ ಎಮ್ಮೆ ಕೆಸರಿನ ಮಡು ನಡೆಸುತ್ತಿದ್ದಳು.

ಮೈಗೆ ಉಣ್ಣೆ ಹತ್ತಿದವರೆಲ್ಲ ಅಲ್ಲಿಗೆ ಬರುತ್ತಿದ್ದರು. ಉಣ್ಣೆ ಎಂದರೆ ರಕ್ತ ಹೀರುವ ಪುಟ್ಟ ಹುಳು. ನಾನು ಹುಟ್ಟಿದ ಕಡೆ ಅದಕ್ಕೆ ಉಣುಗು ಎನ್ನುತ್ತಾರೆ. ಹೆಸರು ಯಾವುದಾದರೇನು, ಕಚ್ಚಿದರೆ ತುರಿಕೆ ಒಂದೇ. ಕೆಸರಿನಲ್ಲಿ ಹೊರಳಿ, ಬಿಸಿಲಿಗೆ ಮೈ ಒಣಗಿಸಿ, ಮರಕ್ಕೆ ಉಜ್ಜಿಕೊಂಡರೆ ಕೆಸರಿನ ಜೊತೆಗೆ ಉಣ್ಣೆಯೂ ಉದುರುತ್ತಿತ್ತು. ಬಂದವರು ಒಂದು ಬಾಯಿ ಹಸಿಹುಲ್ಲು ತಂದರೆ ಸಾಕು. ಮಸಿಯಕ್ಕನ ಅಜ್ಜಿಯ ಕಾಲದಿಂದಲೂ ಹೀಗೇ ನಡೆದು ಬಂದಿತ್ತು.

ಆ ಬೇಸಿಗೆಯಲ್ಲಿ ಉಣ್ಣೆ ವಿಪರೀತ. ಹಂದಿಗಳು, ಜಿಂಕೆಗಳು, ಕಡವೆಗಳು ಎಲ್ಲರೂ ಮಡುವಿನ ಮುಂದೆ ಸಾಲುಗಟ್ಟಿದರು. ಒಂದು ದಿನ ಮುದಿ ಕಡವೆಯೊಬ್ಬ ಸರದಿಗಾಗಿ ಕಾದು ಕಾದು ಬಿಸಿಲಿನಲ್ಲೇ ಕುಸಿದು ಬಿದ್ದ.

ಅದನ್ನು ಕಂಡ ಮಸಿಯಕ್ಕ, "ಮಡು ದೊಡ್ಡದು ಮಾಡಲೇಬೇಕು. ಪಕ್ಕದ ಜೊಂಡು ತುಳಿದರೆ ಇನ್ನೂ ಇಷ್ಟು ಜಾಗ ಸಿಗುತ್ತೆ" ಎಂದುಕೊಂಡು, ದಡದ ಹಿರಿಯನಾದ ಆಮೆಯಜ್ಜನ ಬಳಿಗೆ ಹೋದಳು.

"ಜಾಗ ಕೇಳೋದಕ್ಕೆ ಬಂದೆ ಅಜ್ಜ."

"ಕ್ರಮ ಗೊತ್ತಲ್ಲ? ಗೆರೆ ಎಳಿ" ಎಂದ ಆಮೆಯಜ್ಜ.

ಆ ಕೆರೆಯ ಕ್ರಮ ಹೀಗಿತ್ತು. ದಡದಲ್ಲಿ ಜಾಗ ಬೇಕಾದವರು ಬೇಕಾದಷ್ಟರ ಸುತ್ತ ನೆಲದ ಮೇಲೆ ಗೆರೆ ಎಳೆಯಬೇಕು. ಕಾಡಿನವರೆಲ್ಲ ನೀರು ಕುಡಿದು ಹೋಗುವವರೆಗೆ ಅದನ್ನು ಹಾಗೇ ಬಿಡಬೇಕು. ಬೇಡ ಎನ್ನುವವರು ಗೆರೆಯನ್ನು ಅಳಿಸಬಹುದು. ಬಾಯಿ ಬಿಡಬೇಕಾಗಿಲ್ಲ, ಕಾರಣ ಹೇಳಬೇಕಾಗಿಲ್ಲ. ದೊಡ್ಡವರ ಎದುರು ನಿಂತು ಬೇಡ ಎನ್ನಲು ಎಲ್ಲರಿಗೂ ಧೈರ್ಯ ಬರುವುದಿಲ್ಲವಲ್ಲ, ಅದಕ್ಕೆ.

ಬೆಳಕು ಹರಿಯುತ್ತಲೇ ಮಸಿಯಕ್ಕ ಜೊಂಡಿನ ಸುತ್ತ ಗೆರೆ ಎಳೆದಳು. ಆಮೇಲೆ ಯೋಚನೆ ಹತ್ತಿತು. ಗಾಳಿಗೆ ಅಳಿಸಿಹೋದರೆ? ಯಾವುದೋ ಮೊಲ ನೋಡದೆ ತುಳಿದುಬಿಟ್ಟರೆ? ಅದೇ ಗೆರೆಯ ಮೇಲೆ ಗೊರಸು ಊರಿ ಇನ್ನೊಂದು ಸಲ ಎಳೆದಳು. ಸಮಾಧಾನವಾಗದೆ ಮತ್ತೂ ಒಂದು ಸಲ ಎಳೆದಳು.

ಕೊಂಬೆಯ ಮೇಲೆ ಕೂತಿದ್ದ ಮಿಂಚುಳ್ಳಿ ಕೇಳಿತು, "ಮಸಿಯಕ್ಕ, ಗೆರೆ ಎಳೀತಿದ್ದೀಯೋ ಕಾಲುವೆ ತೋಡ್ತಿದ್ದೀಯೋ?"

"ನೀನು ಮೀನು ಹಿಡಿ ಹೋಗು. ನನ್ನ ಕಷ್ಟ ನನಗೆ" ಎಂದಳು ಮಸಿಯಕ್ಕ.

ಆ ಜೊಂಡಿನೊಳಗೆ ನೀರುಕೋಳಿಯೊಬ್ಬಳು ಮೊಟ್ಟೆ ಇಟ್ಟು ಕಾವು ಕೂತಿದ್ದಳು. ತಾನಿದ್ದ ಕೆರೆ ಬತ್ತಿದ್ದರಿಂದ ಇಲ್ಲಿಗೆ ಬಂದವಳು. ಈ ಕೆರೆಯಲ್ಲಿ ಯಾರನ್ನು ಏನೆಂದು ಕರೆಯಬೇಕು ಎಂಬುದೂ ಅವಳಿಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಗೆರೆಯ ಕ್ರಮವನ್ನು ಕಪ್ಪೆಯೊಂದು ಅವಳಿಗೆ ತಿಳಿಸಿತ್ತು.

ಮಸಿಯಕ್ಕ ಅತ್ತ ಹೋದದ್ದೇ ತಡ, ನೀರುಕೋಳಿ ಗೂಡಿನಿಂದ ಇಳಿದು ಓಡಿಬಂದಳು. ಗೆರೆಯನ್ನು ಕಾಲ್ಬೆರಳಿನಿಂದ ಕೆರೆದಳು. ಅಂಚಿನ ಮಣ್ಣು ಒಂದಿಷ್ಟು ಉದುರಿತು, ಗೆರೆ ಹಾಗೇ ಇತ್ತು. ಕೊಕ್ಕಿನಿಂದ ಕುಕ್ಕಿದಳು. ಹೊಟ್ಟೆ ಊರಿ ತಳ್ಳಿದಳು. ಅಷ್ಟರಲ್ಲಿ ಮೊಟ್ಟೆ ತಣ್ಣಗಾದೀತೆಂದು ಗೂಡಿಗೆ ಓಡಿದಳು. ಮತ್ತೆ ಬಂದಳು, ಮತ್ತೆ ಕೆರೆದಳು, ಮತ್ತೆ ಓಡಿದಳು. ಬಿಸಿಲು ಏರಿದಂತೆ ಕೆಸರು ಒಣಗಿ ಕಲ್ಲಾಯಿತು.

ಮಧ್ಯಾಹ್ನ ಆಮೆಯಜ್ಜ ನಿಧಾನವಾಗಿ ಬಂದು ನೋಡಿದ. "ಗೆರೆ ಉಳಿದಿದೆ. ಯಾರ ತಕರಾರೂ ಇಲ್ಲ. ಜಾಗ ನಿನ್ನದು ಮಸಿಯಕ್ಕ" ಎಂದ.

ಸಾಲಿನಲ್ಲಿದ್ದವರಿಗೆಲ್ಲ ಸಂತೋಷವೋ ಸಂತೋಷ. ಮಸಿಯಕ್ಕ ತಡಮಾಡದೆ ಜೊಂಡಿನೊಳಗೆ ಕಾಲಿಟ್ಟಳು. ಎಮ್ಮೆಯ ಕಾಲು ಬಿದ್ದ ರಭಸಕ್ಕೆ ನೀರು ಅಲೆಯಾಗಿ ಎದ್ದಿತು. ಗೂಡು ವಾಲಿತು. ಒಂದು ಮೊಟ್ಟೆ ನೀರಿಗೆ ಉರುಳಿ ಮುಳುಗಿಹೋಯಿತು.

ನೀರುಕೋಳಿ ಉಳಿದ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಅಲ್ಲೇ ಕೂತಳು.

ಎತ್ತಿದ ಇನ್ನೊಂದು ಕಾಲನ್ನು ಮಸಿಯಕ್ಕ ಊರಲಿಲ್ಲ. "ಅಯ್ಯೋ ತಾಯಿ, ನೀನು ಇಲ್ಲಿದ್ದೀಯಾ? ಬೇಡ ಅನ್ನೋ ಹಾಗಿದ್ದರೆ ಗೆರೆ ಅಳಿಸಬಾರದಿತ್ತಾ?"

"ಅಳಿಸಿದೆನಲ್ಲ ದೊಡ್ಡಮ್ಮ."

"ಎಲ್ಲಿ ಅಳಿಸಿದೆ?"

"ಹೋಗಿ ನೋಡಿ. ನಾನು ಏಳೋ ಹಾಗಿಲ್ಲ."

ಮಸಿಯಕ್ಕ ಹಿಂದಕ್ಕೆ ಹೆಜ್ಜೆ ಹಾಕಿ ಹೊರಬಂದು ಗೆರೆಗೆ ಮೂಗು ತಾಗಿಸಿ ನೋಡಿದಳು. ಗೊರಸಿನಗಲದ ಆ ಹಳ್ಳದ ಉದ್ದಕ್ಕೂ ಸಣ್ಣ ಸಣ್ಣ ಗೀರುಗಳಿದ್ದವು. ಒಂದು ಕಡೆ ಮುರಿದ ಉಗುರಿನ ತುಂಡೂ ಬಿದ್ದಿತ್ತು.

"ಅಜ್ಜ, ಗೆರೆ ಅಳಿಸಿದ್ದಾರೆ" ಎಂದಳು ಮಸಿಯಕ್ಕ.

"ಎಲ್ಲಿ? ನನ್ನ ಮುದಿಗಣ್ಣಿಗೂ ಕಾಣೋ ಹಾಗಿದೆ ಗೆರೆ."

"ಆ ಕಾಲಿಗೆ ಆಗುವಷ್ಟು ಅಳಿಸಿದ್ದಾಳೆ. ಆಗದ ಹಾಗೆ ಎಳೆದದ್ದು ನಾನು."

"ಒಪ್ಪಿಗೆ ಕೊಟ್ಟು ಆಯಿತಲ್ಲ. ಕೊಟ್ಟ ಮಾತು ಹಿಂದಕ್ಕೆ ತಗೊಳ್ಳೋದು ಹೇಗೆ?"

"ನೀವು ತಗೊಳ್ಳೋದು ಬೇಡ. ನಾನೇ ಅಳಿಸ್ತೀನಿ" ಎಂದು ಮಸಿಯಕ್ಕ ಗೆರೆಯ ಮೇಲೆ ಅಡ್ಡಬಿದ್ದು ಈ ಕಡೆಯಿಂದ ಆ ಕಡೆಯವರೆಗೆ ಉರುಳಿದಳು. ಎದ್ದಾಗ ಗೆರೆ ಇರಲಿಲ್ಲ.

ಸಾಲಿನಲ್ಲಿದ್ದ ಮುದಿ ಕಡವೆ ಮೆಲ್ಲಗೆ ಕೇಳಿದ, "ಹಾಗಾದರೆ ನಮ್ಮ ಗತಿ ಏನಕ್ಕ?"

ಮಸಿಯಕ್ಕ ತನ್ನ ಮಡುವಿನ ಕಡೆ ನೋಡಿದಳು. ಅವಳು ಸದಾ ಮಲಗುತ್ತಿದ್ದ ಜಾಗದಲ್ಲಿ ಒಂದು ಜಿಂಕೆ, ಎರಡು ಹಂದಿ ಆಗಲೇ ಇಳಿದು ಹೊರಳುತ್ತಿದ್ದವು. ಇನ್ನೂ ಒಬ್ಬರಿಗೆ ಎಡೆಯಿತ್ತು.

"ಓಹೋ, ಮಡು ಚಿಕ್ಕದಾಗಿದ್ದು ಯಾಕೆ ಅಂತ ಈಗ ತಿಳೀತು. ಬೆಳಗಿನಿಂದ ಸಂಜೆವರೆಗೆ ನಡುವೆ ಬಿದ್ಕೊಂಡಿದ್ದದ್ದು ಯಜಮಾನಿ" ಎಂದಿತು ಮಿಂಚುಳ್ಳಿ.

ಎಲ್ಲರೂ ನಕ್ಕರು. ಮಸಿಯಕ್ಕನೂ ನಕ್ಕಳು. "ಹೋಗಪ್ಪ, ನನ್ನ ಜಾಗಕ್ಕೆ ಇಳಿ" ಎಂದು ಕಡವೆಯನ್ನು ಮೂಗಿನಿಂದ ತಳ್ಳಿದಳು. ಅಂದಿನಿಂದ ಎಲ್ಲರದೂ ಮುಗಿದ ಮೇಲೆಯೇ ಅವಳು ಮಡುವಿಗೆ ಇಳಿಯುತ್ತಿದ್ದಳು. ಹಗಲೆಲ್ಲ ಹೊಂಗೆ ಮರದ ನೆರಳಿನಲ್ಲಿ ನಿಂತು ಬಾಲದಿಂದ ನೊಣ ಹೊಡೆದುಕೊಳ್ಳುವಳು.

ಆದರೂ ಜಾಗ ಸಾಲದು. ಮಡುವಿನ ಇನ್ನೊಂದು ಪಕ್ಕದಲ್ಲಿ ಬರೀ ಕಲ್ಲುನೆಲ. ಅಗೆಯುವುದು ಕಷ್ಟ. ಮಸಿಯಕ್ಕ ಈ ಸಲ ಗೆರೆಗಿಂತ ಮೊದಲು ಮಾತಿಗೆ ಹೊರಟಳು. ಕಲ್ಲುಗಳ ಸಂದಿಯಲ್ಲಿದ್ದ ಉಡವನ್ನು ಕೇಳಿದಳು. ಬಿಲದಲ್ಲಿದ್ದ ಏಡಿಯನ್ನು ಕೇಳಿದಳು. ಉಡ, "ನನಗೆ ಹಿಂದಿನ ಬಂಡೆ ಸಾಕು" ಎಂದಿತು. ಏಡಿ, "ನನ್ನ ಬಿಲದ ಬಾಯಿ ಬಿಟ್ಟು ಅಗಿ" ಎಂದಿತು. ಮಡುವಿಗೆ ಬರುವವರು ಹುಲ್ಲಿನ ಬದಲು ನಾಲ್ಕು ಕಲ್ಲು ಎತ್ತಿಹಾಕುತ್ತೇವೆಂದರು.

ಆಮೇಲೆ ಒಂದು ಜೊಂಡಿನ ಎಸಳನ್ನು ಬಾಯಲ್ಲಿ ಕಚ್ಚಿ, ಆ ಕಲ್ಲುನೆಲದ ಸುತ್ತಲಿನ ಮಣ್ಣಿನ ಮೇಲೆ ಕಂಡೂ ಕಾಣದಂಥ ಗೆರೆ ಎಳೆದು, ಮಸಿಯಕ್ಕ ಪಕ್ಕದಲ್ಲಿ ಕಾದು ಕೂತಳು. ಗಾಳಿ ಬೀಸಿದಾಗ ಗೆರೆ ಅಲ್ಲಲ್ಲಿ ಅಳಿಸಿತು. ಅವಳು ಎದ್ದು ಮತ್ತೆ ಎಳೆದಳು.

ಹೊತ್ತು ಏರುವಾಗ ನೀರುಕೋಳಿಯ ಮರಿಯೊಂದು ಗೆರೆಯ ಮೇಲೆಯೇ ಟಪಟಪ ನಡೆದುಬಂತು.

ಮಸಿಯಕ್ಕ ತಲೆ ತಗ್ಗಿಸಿ ಕೇಳಿದಳು, "ಏನು ಮಗಾ, ನಿನ್ನ ತಕರಾರಾ?"

"ಅಲ್ಲ ಅಜ್ಜಿ, ನಡೆಯೋದು ಕಲೀತಿದ್ದೀನಿ."

"ಹಾಗಾದರೆ ನಡಿ" ಎಂದಳು ಮಸಿಯಕ್ಕ. ಮರಿ ದಾಟಿಹೋಗುವವರೆಗೆ ಕಾದು, ಎಸಳನ್ನು ಮತ್ತೆ ಬಾಯಿಗೆ ತೆಗೆದುಕೊಂಡಳು.

ನೀತಿ: ಬೇಡ ಎನ್ನಲು ಅವಕಾಶ ಕೊಟ್ಟರೆ ಸಾಲದು, ಎಲ್ಲರಿಗಿಂತ ಚಿಕ್ಕವರಿಗೂ ಬೇಡ ಎನ್ನಲು ಆಗುವಂತಿರಬೇಕು.