ನಾಲ್ಕು ಮನೆಯ ಚಕ್ರ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಗುರುವಿನ ಹೆಸರು ಚರಬಸಯ್ಯ, ಎಲ್ಲರಿಗೂ ಅಜ್ಜಾರು. ಅವರು ಕಲಿಸುತ್ತಿದ್ದದ್ದು ಎರಡೇ ವಿದ್ಯೆ: ಜೋಳದ ರೊಟ್ಟಿ ಬಡಿಯುವುದು, ಕಂಪ್ಯೂಟರಿನಲ್ಲಿ ಲೆಕ್ಕ ಬಿಡಿಸುವುದು. ಮೊದಲನೆಯದು ಬಾರದವರಿಗೆ ಎರಡನೆಯದು ಕಲಿಸುತ್ತಿರಲಿಲ್ಲ.

ಶಿಷ್ಯೆ ಮಹಾನಂದಾ ಏಳು ಹಳ್ಳಿ ಸುತ್ತಿ, ಹಲ್ಲು ಕಂದಿಸುವ ಫ್ಲೋರೈಡ್ ನೀರು ಯಾವ ಯಾವ ಮನೆಯವರು ಕುಡಿಯುತ್ತಾರೆಂದು ಬರೆದು ತಂದಿದ್ದಳು. ಮರುದಿನ ಏಳೂ ಊರಿನ ಹಿರಿಯರು ಬರುವವರಿದ್ದರು. ನೀರು ಶುದ್ಧ ಮಾಡುವ ಯಂತ್ರ ಇದ್ದದ್ದು ಒಂದೇ. ಅದು ಯಾವ ಊರಿಗೆ ಹೋಗಬೇಕೆಂದು ಅವಳ ನಕ್ಷೆ ನೋಡಿ ತೀರ್ಮಾನಿಸುವವರಿದ್ದರು.

ಅಜ್ಜಾರು ಬಿಡಿಸಿದ ನದಿಯ ನಕ್ಷೆ ಕಂಪ್ಯೂಟರಿನಲ್ಲಿ ಮೊದಲೇ ಇತ್ತು. ಅದರ ಮೇಲೆ ಊರಿಗೊಂದು ಪೈ ಚಾರ್ಟ್, ಅಂದರೆ ಹೋಳು ಮಾಡಿದ ಚಕ್ರ, ಕೂರಿಸುವ ಫಂಕ್ಷನ್ ಎಂಬ ಸಿದ್ಧ ಆಜ್ಞೆ ಉಂಟು. ಎಲ್ಲಿ ಕೂರಬೇಕು, ಎಷ್ಟಗಲ ಇರಬೇಕು, ಹೇಗೆ ಹೋಳಾಗಬೇಕು, ಇಷ್ಟು ಹೇಳಿದರೆ ಮುಗಿಯಿತು. ಕೆಟ್ಟ ನೀರಿನ ಪಾಲು ಕೆಂಪು, ಒಳ್ಳೆಯದು ನೀಲಿ.

ಮಹಾನಂದಾ ಏಳು ಸಾಲು ಬರೆದಳು. ಏಳು ಚಕ್ರ ಎದ್ದು ಕೂತವು.

“ಅಜ್ಜಾರ, ಬರ್ರಿ, ನೋಡ್ರಿ!”

ಹಿರೇಬಾವಿ ಅರ್ಧ ಕೆಂಪು. ಅವಳ ತವರು ಕಲ್ಲೊಡ್ಡು ಮುಕ್ಕಾಲು ಕೆಂಪು. ಏಳರಲ್ಲೂ ಅದೇ ಎದ್ದು ಕಾಣುತ್ತಿತ್ತು.

“ಕಲ್ಲೊಡ್ಡಿನಾಗ ಎಷ್ಟು ಮನಿ?”

“ನಾಲ್ಕು.”

“ಹಿರೇಬಾವ್ಯಾಗ?”

“ನೂರು.”

“ಚಕ್ರ ಎರಡೂ ಒಂದ ಅಳತಿ ಅದಾವಲ್ಲ?”

“ಅಗಲ ನಾ ಹೇಳಿಲ್ರಿ. ಕಂಪ್ಯೂಟರ್ ತಾನ ಹಾಕ್ಕೊಂಡೈತಿ.”

“ಕಂಪ್ಯೂಟರಿಗೆ ತವರುಮನಿ ಇರೂದಿಲ್ಲವ್ವ,” ಎಂದು ಅಜ್ಜಾರು ಊಟಕ್ಕೆ ಎದ್ದರು.

ಅವಳ ತಾಟಿಗೆ ಅಂಗೈಯಗಲದ ರೊಟ್ಟಿಯ ಮುಕ್ಕಾಲು ಬಿತ್ತು. ಅಜ್ಜಾರ ತಾಟಿನಲ್ಲಿ ಹಂಚಿನಗಲದ ರೊಟ್ಟಿಯ ಅರ್ಧ.

“ನಿನಗ ಮುಕ್ಕಾಲು, ನನಗ ಬರೇ ಅರ್ಧ. ಹೊಟ್ಟಿ ತುಂಬ ಉಣ್ಣು.”

ಎರಡು ತುತ್ತಿಗೆ ಅವಳ ಊಟ ಮುಗಿಯಿತು. ಮುಖ ಕೆಂಪಾಗಿ ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ಮನೆಗಳು ಎಷ್ಟೋ, ಚಕ್ರದ ಅಗಲವೂ ಅಷ್ಟು ಎಂದು ಬರೆದಳು. ಹಿರೇಬಾವಿಯ ಚಕ್ರ ನದಿಯನ್ನೇ ನುಂಗಿ ಕೂತಿತು. ಕಲ್ಲೊಡ್ಡು ಸಾಸಿವೆ ಕಾಳಾಯಿತು.

“ಈಗ ಸರಿ ಆತಲ್ರಿ? ನನ್ನೂರು ಕಾಣೂದ ಇಲ್ಲ.”

ಬಿಟ್ಟುಕೊಟ್ಟವಳ ಹೆಮ್ಮೆ ದನಿಯಲ್ಲಿತ್ತು.

ಅಜ್ಜಾರು ಅವಳ ಕೈಗೆ ಹಿಟ್ಟಿನ ಒಂದು ಉಂಡೆ ಕೊಟ್ಟರು. “ಇದರಾಗ ಒಂದು ರೊಟ್ಟಿ ಬಡಿ. ದಿನದ್ದಕ್ಕಿಂತ ಎರಡರಷ್ಟು ಅಗಲ. ತೆಳ್ಳಗಾಗಬಾರದು.”

ಬಡಿದಳು. ನಡುವೆ ಹರಿಯಿತು. ಇನ್ನೊಂದು ಉಂಡೆ ಸೇರಿಸಿದರು. ಸಾಲಲಿಲ್ಲ. ಮೂರನೆಯದು ಸೇರಿದರೂ ಅಂಚು ಬಿರಿಯಿತು. ನಾಲ್ಕನೆಯದು ಸೇರಿದ ಮೇಲೆ ರೊಟ್ಟಿ ದುಂಡಗೆ, ದಿನದ ದಪ್ಪಕ್ಕೇ ಎದ್ದಿತು.

ಮಹಾನಂದಾಳ ಕೈ ನಿಂತಿತು. “ಅಗಲ ಎರಡರಷ್ಟು... ಹಿಟ್ಟು ನಾಲ್ಕರಷ್ಟು!”

“ಸೊಕ್ಕಿನಾಗ ಹಿಗ್ಗಿಸಿದಿ, ನಾಚಿಕ್ಯಾಗ ಕುಗ್ಗಿಸಿದಿ. ಎರಡೂ ನಿನ್ನ ಅಳತಿ ಆತು. ಮನಿಗಳ ಅಳತಿ ಯಾವಾಗ ಹಾಕ್ತಿ?”

ಕೈ ತೊಳೆಯುವಷ್ಟೂ ತಡೆಯದೆ, ಹಿಟ್ಟಿನ ಬೆರಳಲ್ಲೇ ಒತ್ತಿದಳು. ಹತ್ತು ಹತ್ತಲಿ ನೂರು, ಎರಡೆರಡಲಿ ನಾಲ್ಕು: ನೂರು ಮನೆಗೆ ಅಗಲ ಹತ್ತು, ನಾಲ್ಕು ಮನೆಗೆ ಎರಡು. ನದಿ ಮತ್ತೆ ಹರಿಯತೊಡಗಿತು. ಅದರ ಪಕ್ಕದಲ್ಲಿ ಕಲ್ಲೊಡ್ಡು ಪುಟ್ಟದಾಗಿ, ಕೆಂಪಾಗಿ, ತನ್ನ ಜಾಗದಲ್ಲಿ ಕೂತಿತ್ತು.

ಅಜ್ಜಾರು ಬಗ್ಗಿ ನೋಡಿದರು. ಹೊಸ ರೊಟ್ಟಿಯನ್ನು ಇಡಿಯಾಗಿ ಅವಳ ತಾಟಿಗೆ ಹಾಕಿದರು. ಮಹಾನಂದಾಳ ಎದೆಯುಬ್ಬಿತು. ಆದರೆ ತುತ್ತು ಮುರಿಯಲಿಲ್ಲ.

“ಅಜ್ಜಾರ, ಚಕ್ರ ಖರೇ ಐತ್ರಿ. ಆದ್ರ ನಮ್ಮಣ್ಣನ ಮಗಳು ಹಲ್ಲು ಕಾಣಬಾರದಂತ ಬಾಯಿಗೆ ಕೈ ಅಡ್ಡ ಇಟ್ಟು ನಗತಾಳ. ಇಷ್ಟ ಸಣ್ಣ ಚಕ್ರದಾಗ ಅದು ಯಾರಿಗೆ ಕಾಣತೈತಿ?”

ಅಜ್ಜಾರು ನಕ್ಷೆ ತೋರಿಸುವ ಕೋಲನ್ನು ಅವಳ ಮುಂದಿಟ್ಟರು.

“ಚಕ್ರ ತನ್ನ ಮಾತು ಖರೇ ಹೇಳೇತಿ, ಅದು ನಿನ್ನ ಕೈಗುಣ. ಉಳಿದದ್ದು ಹೇಳಾಕ ನಾಳೆ ನಕ್ಷಿ ಮುಂದ ನೀನ ನಿಲ್ಲು. ಬಾಯಿಗೆ ಮಾತ್ರ ಕೈ ಅಡ್ಡ ಇಡಬ್ಯಾಡ.”