ವನಜಾಕ್ಷಮ್ಮನಿಗೆ ನೀರುದೋಸೆ

ಮಗನಿಗೆ ಹೆಣ್ಣು ನೋಡಲು ಬಂದ ವನಜಾಕ್ಷಮ್ಮ ಚಾವಡಿಯಲ್ಲಿ ಕೂತದ್ದೇ ಹೇಳಿದರು: "ತಿಂಡಿಗೆ ನೀರುದೋಸೆ ಸಾಕು. ಆದರೆ ಕಲ್ಲಲ್ಲಿ ಕಡೆದದ್ದೇ ಆಗಬೇಕು. ಪ್ಯಾಕೆಟಿನ ಹಿಟ್ಟಿಗೆ ನೀರು ಕಲಸುವ ಮನೆಯಿಂದ ನಾವು ಹೆಣ್ಣು ತರುವವರಲ್ಲ."

ಒಳಗೆ ಅಡುಗೆಯ ಕುಸುಮ ಕಪಾಟು ತೆರೆದು ನೋಡಿದಳು. ರಾತ್ರಿ ಅಕ್ಕಿ ನೆನೆಹಾಕಲು ಅವಳು ಮರೆತಿದ್ದಳು. ಈಗ ಇದ್ದದ್ದು ಅಂಥದ್ದೇ ಒಂದು ಪ್ಯಾಕೆಟ್. ಈ ಸಂಬಂಧ ತಪ್ಪಿದರೆ ಅವಳ ಕೆಲಸವೂ ಹೋದ ಹಾಗೆಯೇ.

"ಏನು, ಗ್ರೈಂಡರಿನ ಸದ್ದೇ ಇಲ್ಲ?" ವನಜಾಕ್ಷಮ್ಮ ಹೊರಗಿನಿಂದಲೇ ಕೇಳಿದರು.

"ಈಗ ಇಡ್ತೇನೆ ಅಮ್ಮಾ!"

ಕುಸುಮ ಗ್ರೈಂಡರಿಗೆ ಒಂದು ಚೊಂಬು ನೀರು ಸುರಿದು ಸ್ವಿಚ್ ಒತ್ತಿದಳು. ಕಲ್ಲು ಗಡಗಡ ತಿರುಗಿತು. ಆ ಸದ್ದಿನ ಮರೆಯಲ್ಲಿ ಪ್ಯಾಕೆಟ್ ಹರಿದು ಹಿಟ್ಟು ಕಲಸಿದಳು.

ವನಜಾಕ್ಷಮ್ಮ ದೋಸೆಯ ಮೇಲೆ ದೋಸೆ ಹಾಕಿಸಿಕೊಂಡರು. "ಕಡೆದದ್ದು ಅಂದರೆ ಇದು! ಪ್ಯಾಕೆಟಿನವ ತಲೆಕೆಳಗಾಗಿ ನಿಂತರೂ ಈ ರುಚಿ ಬರಲಿಕ್ಕಿಲ್ಲ. ಏನಮ್ಮಾ, ಗ್ರೈಂಡರಿಗೆ ಏನೇನು ಹಾಕಿದ್ದೆ? ಸತ್ಯ ಹೇಳು."

ಕುಸುಮ ಸೆರಗಿನಿಂದ ಬೆವರು ಒರೆಸಿಕೊಂಡಳು.

"ಬರೀ ನೀರು, ಅಮ್ಮಾ."

"ಕೇಳಿದೆಯಾ ಮಗಾ? ಕಾಯಿತುರಿಯೂ ಇಲ್ಲವಂತೆ!" ವನಜಾಕ್ಷಮ್ಮ ಮನೆಯವರ ಕಡೆ ತಿರುಗಿದರು. "ಹುಡುಗಿ ನಮಗೆ ಒಪ್ಪಿಗೆ. ಅಂದ ಹಾಗೆ, ಈ ಗ್ರೈಂಡರ್ ಯಾವ ಕಂಪೆನಿಯದ್ದು?"