ಕಸೂತಿಯ ಭಿಕ್ಷೆ

ಮಲಪ್ರಭೆಯ ದಂಡೆಯ ಹೊಳೆಮಟ್ಟಿಯಲ್ಲಿ, ಅರಳೆ ಗಿರಣಿಯ ಹಿಂಬದಿಗೆ ಒಂದು ತಗಡಿನ ಜೋಪಡಿ. ಪೂಜ್ಯ ಚಿದ್ಘನ ಶಿವಯೋಗಿಗಳು ತಮ್ಮ ಇಳಿವಯಸ್ಸನ್ನು ಕಳೆದದ್ದು ಅಲ್ಲಿಯೇ. ಮಠ ಕಟ್ಟಿಸಿಕೊಡುತ್ತೇವೆಂದು ಗಿರಣಿಯ ಧಣಿಗಳು ಬಂದಾಗಲೆಲ್ಲ, ಸಾರಿಸಿದ ನೆಲ ಇನ್ನೂ ಹಸಿ ಇದೆ, ನೋಡಿ ಹೆಜ್ಜೆಯಿಡಿ ಎಂದು ನಕ್ಕು ಮಾತು ಮರೆಸುತ್ತಿದ್ದರಂತೆ. ಹೊತ್ತೇರುತ್ತಲೇ ಜೋಳಿಗೆ ಹೆಗಲಿಗೇರಿಸಿ ಭಿಕ್ಷೆಗೆ ಹೊರಡುವರು. ಒಂದು ನಿಯಮ ಮಾತ್ರ ಬಲು ಬಿಗಿ. ಒಂದು ಮನೆಯ ಭಿಕ್ಷೆ ಪೂರ್ಣವಾಗದೆ ಮುಂದಿನ ಮನೆಗೆ ಹೋಗುತ್ತಿರಲಿಲ್ಲ. ಭಿಕ್ಷೆ ನಡುವೆ ಮುರಿದರೆ ಅಂದು ಉಪವಾಸ.

ಆ ಓಣಿಯ ಮೊದಲ ಮನೆಯೇ ನಿಂಬೆವ್ವನ ಖಾನಾವಳಿ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದೇ ಸಂಸಾರ ನಿಲ್ಲಿಸಿದ ಗಟ್ಟಿ ಹೆಂಗಸು ಆಕೆ. ದೇವರ ಮೇಲೆ ಭಕ್ತಿಯಿತ್ತು. ದುಡಿಮೆಯ ಹೊತ್ತಿನಲ್ಲಿ ಯಾರು ಬೇರೇನು ಮಾಡಿದರೂ ಸಿಟ್ಟು ಬರುತ್ತಿತ್ತು. ಸೊಸೆ ಕಸ್ತೂರೆವ್ವನೋ ತವರಿನಿಂದ ಕಸೂತಿಯ ಕೈ ಹೊತ್ತು ತಂದವಳು. ಅವಳ ಸೂಜಿಯಿಂದ ಇಳಿದ ನವಿಲನ್ನು ಊರ ಹೆಂಗಸರು ಮುಟ್ಟಿ ನೋಡುತ್ತಿದ್ದರು. ಆದರೆ ಒಂದು ದಿನ ಸೂಜಿ ಹಿಡಿದು ಕುಳಿತಿರುವಾಗ ಹಂಚಿನ ಮೇಲಿನ ರೊಟ್ಟಿ ಸೀದಿತು. ಉಣ್ಣಲು ಕುಳಿತ ಗಿರಣಿಯವನೊಬ್ಬ, “ನಿಂಬೆವ್ವಾ, ರೊಟ್ಟಿ ಮ್ಯಾಲೂ ಕಸೂತಿ ಹಾಕ್ಸಿಯೇನ? ಕರಿ ದಾರ ಜಾಸ್ತಿ ಆಗೇತಿ ನೋಡು,” ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಿಂಬೆವ್ವ ಅಂದೇ ಸೂಜಿದಾರದ ಡಬ್ಬಿಯನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು. ಬರುವ ಅಮಾವಾಸ್ಯೆಗೆ ಮಗಳು ಬಂದಾಗ ಅವಳಿಗೇ ಕೊಟ್ಟು ಕಳಿಸುವುದೆಂದೂ ಸಾರಿದಳು. ಮನೆಯಲ್ಲಿ ಕಸ್ತೂರೆವ್ವನ ಮಾತೇ ಕಡಿಮೆಯಾಯಿತು.

ಮರುದಿನ ಪೂಜ್ಯರು ಬಾಗಿಲಿಗೆ ಬಂದಾಗ ಒಳಗೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಹಲಗೆಯ ಮೇಲೆ ಉದುರಿದ ಹಿಟ್ಟಿನಲ್ಲಿ ಅವಳ ಬೆರಳು ತಾನೇ ತಾನಾಗಿ ಗೋಪುರದ ಗೆರೆ ಎಳೆಯಿತು, ಅತ್ತೆಯ ಹೆಜ್ಜೆ ಕೇಳಿ ಅಳಿಸಿತು. ಪೂಜ್ಯರು ಅದನ್ನು ಕಂಡರು. ನಿಂಬೆವ್ವ ರೊಟ್ಟಿ ಹಿಡಿದು ಬಂದರೆ ಅವರು ಜೋಳಿಗೆ ಒಡ್ಡಲಿಲ್ಲ. ಹೆಗಲಿನಿಂದ ತೆಗೆದು ಅವಳ ಕೈಗೇ ಇಟ್ಟರು. ಇದರ ಮೇಲೆ ನಿನ್ನ ಸೊಸೆಯ ಕೈಯಿಂದ ದಿನಕ್ಕೊಂದು ಗೆರೆ ಕಸೂತಿ, ಈ ಮನೆಯಿಂದ ನಮಗೆ ಅದೇ ಭಿಕ್ಷೆ ಎಂದರು.

ನಿಂಬೆವ್ವನಿಗೆ ದಿಕ್ಕೇ ತೋಚಲಿಲ್ಲ. ಗಿರಣಿಯವರು ಉಣ್ಣಲು ಬರುವ ಹೊತ್ತು, ಬೇಕಾದರೆ ಇನ್ನೆರಡು ರೊಟ್ಟಿ ಹೆಚ್ಚು ನೀಡುತ್ತೇನೆ, ಮೇಲೆ ಬೆಣ್ಣೆಯನ್ನೂ ಇಡುತ್ತೇನೆ ಎಂದು ಗೋಗರೆದಳು.

“ರೊಟ್ಟಿ ಎಲ್ಲಾ ಮನ್ಯಾಗೂ ಸಿಗತಾವ ತಾಯಿ,” ಎಂದರು ಪೂಜ್ಯರು. “ಇದು ಈ ಮನ್ಯಾಗ ಅಷ್ಟ ಸಿಗತೈತಿ.”

ಬಾಗಿಲಿಗೆ ಬಂದ ಜಂಗಮರಿಗೆ ಇಲ್ಲವೆನ್ನುವುದು ಹೇಗೆ? ಟ್ರಂಕಿನ ಬೀಗ ತೆರೆಯಿತು. ಕಸ್ತೂರೆವ್ವ ಕೈ ತೊಳೆದು ಬಂದು ಕಿಟಕಿಯ ಬಳಿ ಕುಳಿತಳು. ಪೂಜ್ಯರು ಆ ದಿನದ ಗೆರೆ ಮುಗಿಯುವ ತನಕ ಹೊರಗಿನ ಕಟ್ಟೆಯ ಮೇಲೆ ಕುಳಿತರು. ನಿಂಬೆವ್ವನೇ ರೊಟ್ಟಿ ಬಡಿಯಬೇಕಾಯಿತು, ಬಡಿಯುತ್ತ ಗೊಣಗಿದಳು. ಹೀಗೆಯೇ ಕೆಲವು ದಿನ ನಡೆಯಿತು.

ಒಂದು ದಿನ ಪಂಕ್ತಿ ತುಂಬಿತ್ತು. ನಿಂಬೆವ್ವನಿಗೆ ತಡೆಯಲಾಗಲಿಲ್ಲ. “ಕಸ್ತೂರೀ, ಉಪ್ಪಿನ ಡಬ್ಬಿ ಎಲ್ಲಿಟ್ಟೀ?” ಎಂದು ಕೂಗಿದಳು. ಡಬ್ಬಿ ಅವಳ ಮೊಣಕೈ ಪಕ್ಕದಲ್ಲೇ ಇತ್ತು.

ಒಳಗೆ ಸೂಜಿ ನಿಂತಿತು. ಕಸ್ತೂರೆವ್ವ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಹೊಲಿದದ್ದನ್ನು ಬಿಚ್ಚತೊಡಗಿದಳು. ಪೂಜ್ಯರು ಕಟ್ಟೆಯಿಂದ ಎದ್ದರು. ಭಿಕ್ಷೆ ಮುರಿದಿತ್ತು. ಪಕ್ಕದ ಮನೆಯವರು ತಾಟು ಹಿಡಿದು ಕಾದಿದ್ದರೂ ಅತ್ತ ನೋಡದೆ ಬರಿಗೈಯಲ್ಲಿ ಜೋಪಡಿಯ ಕಡೆ ನಡೆದರು.

ನಿಂಬೆವ್ವ ಬುತ್ತಿ ಕಟ್ಟಿಕೊಂಡು ಬಿಸಿಲಿನಲ್ಲೇ ಹಿಂದೆ ಓಡಿದಳು. ಅವರು ತಂಬಿಗೆಯ ನೀರು ಕುಡಿದು ತಣ್ಣಗೆ ಕುಳಿತಿದ್ದರು.

“ನಾ ಬ್ಯಾಡ ಅನ್ನಲಿಲ್ಲ ಅಜ್ಜಾರ,” ಎಂದಳು. “ಒಂದ ಮಾತು ಕರದೆ, ಅಷ್ಟ.”

“ಹೌದವ್ವಾ, ಒಂದ ಮಾತು,” ಎಂದರು ಪೂಜ್ಯರು. “ಆ ಒಂದು ಮಾತಿಗೆ ಏನೇನು ಬಿಚ್ಚಬೇಕಾತು, ಸೊಸೀನ್ನ ಕೇಳು.”

ಬುತ್ತಿ ಹಾಗೆಯೇ ಮರಳಿತು. ನಿಂಬೆವ್ವ ಸೊಸೆಯ ಪಕ್ಕ ನೆಲದ ಮೇಲೆ ಕುಳಿತು, ಮದುವೆಯಾಗಿ ಬಂದಂದಿನಿಂದ ಕೇಳದ ಪ್ರಶ್ನೆ ಕೇಳಿದಳು. ಇದು ಹೆಂಗ ಹೊಲೀತಿ ಹೇಳು ಎಂದಳು. ಕಸ್ತೂರೆವ್ವ ತೋರಿಸಿದಳು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ನಡೆಯಬೇಕು. ಹೋಗುವಾಗ ನಡುನಡುವೆ ಜಾಗ ಬಿಟ್ಟು ಹೋಗಬೇಕು, ಬರುವಾಗ ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬುತ್ತ ಬರಬೇಕು. ನಡುವೆ ಎಣಿಕೆ ತಪ್ಪಿದರೆ ಬಂದ ದಾರ ಹೋದ ದಾರವನ್ನು ಕೂಡುವುದೇ ಇಲ್ಲ. ನಿಂಬೆವ್ವ ಬಟ್ಟೆಯನ್ನು ಮಗುಚಿ ನೋಡಿದಳು. ಒಂದು ಗಂಟಿಲ್ಲ, ಒಳಮೈಯೂ ಹೊರಮೈಯಷ್ಟೇ ಚೆಂದ. ಬಿಡುವಾದಾಗ ಒಂದಿಷ್ಟು ಹೊಲಿ ಎಂದು ತಾನು ಉದಾರವಾಗಿ ಹೇಳಿದ ದಿನಗಳೆಲ್ಲ ನೆನಪಾದವು. ಅಂಥ ಚೂರು ಬಿಡುವಿನಲ್ಲಿ ಇದು ಆಗುವ ಕೆಲಸವಲ್ಲವೆಂದು ಅಂದು ಅವಳಿಗೆ ಹೊಳೆಯಿತು.

ಮರುದಿನದಿಂದ ಆ ಹೊತ್ತಿಗೆ ನಿಂಬೆವ್ವ, ಯಾರೂ ಒಳಗೆ ಹೋಗಿ ಸೊಸೆಯನ್ನು ಮಾತಾಡಿಸದಂತೆ, ಅಡುಗೆಮನೆಯ ಬಾಗಿಲಲ್ಲೇ ಒಲೆ ಹೂಡಿದಳು. ರೊಟ್ಟಿ ದಪ್ಪವಾದುವೆಂದು ಗಿರಣಿಯವರು ಕಿಚಾಯಿಸಿದರೆ, ಹಲ್ಲು ಗಟ್ಟಿ ಆಗತಾವ ತಿನ್ನು ಎಂದಳು. ಜೋಳಿಗೆಯ ತುಂಬ ಗೋಪುರಗಳು ಎದ್ದವು. ಕೆಲಸ ಮುಗಿದ ದಿನ ಪೂಜ್ಯರು ಅದನ್ನು ಕಣ್ಣಿಗೊತ್ತಿಕೊಂಡರು. ಈ ಭಿಕ್ಷೆ ಪೂರ್ಣವಾಯಿತು, ನಾಳೆಯಿಂದ ರೊಟ್ಟಿ ಸಾಕು ಎಂದು ಹರಸಿ ಹೊರಟರು. ಅಮಾವಾಸ್ಯೆಗೆ ಮಗಳು ಬಂದಳು. ಸೂಜಿದಾರದ ಡಬ್ಬಿಯ ಮಾತು ಯಾರೂ ಎತ್ತಲಿಲ್ಲ. ಅದು ಕಿಟಕಿಯ ಬಳಿಯೇ ಇತ್ತು.

ಆ ಬಳಿಕ ಒಂದು ಬೆಳಿಗ್ಗೆ ಪೂಜ್ಯರು ಎಂದಿನಂತೆ ಬಾಗಿಲಲ್ಲಿ ನಿಂತು ಭಿಕ್ಷೆಗೆ ದನಿ ಮಾಡಿದರು. ನಿಂಬೆವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಕಾಲಿಗೆ ಎರಗಿದಳು, ಎದ್ದವಳೇ ತುಟಿಯ ಮೇಲೆ ಬೆರಳಿಟ್ಟಳು.

“ಸಾವಕಾಶ ಅಜ್ಜಾರ. ಆಕಿ ಎಣಿಕಿ ಹಿಡದಾಳ. ಈಗ ಯಾರೂ ಮಾತಾಡೂ ಹಂಗಿಲ್ಲ.” ಅಂಜುತ್ತಲೇ ಸೇರಿಸಿದಳು: “ನೀವೂ.”

ಪೂಜ್ಯರ ಮುಖ ಅಷ್ಟು ಅರಳಿದ್ದನ್ನು ಆ ಓಣಿಯವರು ಹಿಂದೆಂದೂ ಕಂಡಿರಲಿಲ್ಲವಂತೆ. ಆ ಮಹಾತ್ಮರು ತಲೆಬಾಗಿ, ಸದ್ದಾಗದಂತೆ ಕೋಲನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕುಳಿತರು. ಒಳಗೆ ಹೋದ ನಿಂಬೆವ್ವ ರೊಟ್ಟಿಯನ್ನು ಮೆಲ್ಲಗೆ, ಬಲು ಮೆಲ್ಲಗೆ ತಟ್ಟತೊಡಗಿದಳು.